ಓದುಗರ ಪ್ರಶ್ನೆ: ಎಂ.ಎ. ಆಯಿತು, ಸಂಶೋಧಕಿ ಆಗೋದು ಹೇಗೆ?

ಪ್ರಶ್ನೆ: ಮೇಡಂ, ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಸಂಶೋಧಕಿ ಆಗುವ ಆಸೆ ಇದೆ. ಪಿಎಚ್‌ಡಿ ಮಾಡಿದರೆ ಸಾಕಾ, ಬೇರೆ ಏನಾದರೂ ಕಲಿಯಬೇಕಾ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಪಿಎಚ್‌ಡಿಗೆ ಸೇರಲು ಎಂ.ಎ.ಯಲ್ಲಿ ಶೇ 55 ಅಂಕ ಬೇಕು. ಮೀಸಲಾತಿ ಇದ್ದವರಿಗೆ ಶೇ 5 ರಿಯಾಯಿತಿ ಇದೆ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಿರಿ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ ಫೆಲೋಶಿಪ್ ಹಣ ಬರುತ್ತದೆ, ಮನೆಯವರ ಮೇಲೆ ಭಾರ ಬೀಳುವುದಿಲ್ಲ. ಬೆಂಗಳೂರಿನ ನಾಗರಭಾವಿಯಲ್ಲಿರುವ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ ಐಸೆಕ್‌ಗೂ (ಇನ್‌ಸ್ಟಿಟ್ಯೂಟ್ ಫಾರ್ ಸೋಷಿಯಲ್ ಅಂಡ್ ಎಕನಾಮಿಕ್ ಚೇಂಜ್) ಅರ್ಜಿ ಹಾಕಿ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಂಸ್ಥೆ ಅದು.

ಆದರೆ ನಮ್ಮ ಕೆಲಸದ ಜೀವಾಳ ಇರುವುದು ಪ್ರಶ್ನೆ ಕೇಳುವುದರಲ್ಲಿ. ನಿಮ್ಮದೇ ಜಿಲ್ಲೆಯ ಬ್ಯಾಡಗಿಯ ಮಾತು ಹೇಳುತ್ತೇನೆ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದ ಒಬ್ಬರನ್ನು, ‘ನೀವು ಏನು ಕೆಲಸ ಮಾಡ್ತೀರಿ?’ ಅಂತ ಕೇಳಿದೆ. ‘ಏನಿಲ್ರೀ, ಸುಮ್ನ ಮನ್ಯಾಗ ಇರ್ತೀನ್ರಿ’ ಅಂದರು. ಕೈ ಮಾತ್ರ ನಿಂತಿರಲಿಲ್ಲ! ಅದನ್ನೇ ಬರೆದುಕೊಂಡು ಬಂದಿದ್ದರೆ ಆಕೆ ಲೆಕ್ಕದಲ್ಲಿ ಕೆಲಸವಿಲ್ಲದ ಹೆಂಗಸು. ‘ನಿನ್ನೆ ಎದ್ದಾಗಿನಿಂದ ಏನೇನು ಮಾಡಿದಿರಿ?’ ಅಂದಾಗ ನೀರು, ರೊಟ್ಟಿ, ಎಮ್ಮೆ, ಮೆಣಸಿನಕಾಯಿ ಎಲ್ಲ ಒಂದೊಂದಾಗಿ ಬಂತು. 2019ರಲ್ಲಿ ಕೇಂದ್ರ ಸರ್ಕಾರ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲೂ ಹೀಗೇ ಕೇಳಿದ್ದರು. ಬೆಳಗಿನ 4ರಿಂದ ಮರುದಿನ 4ರವರೆಗೆ, ಅರ್ಧರ್ಧ ಗಂಟೆಯ ಲೆಕ್ಕ.

ಇಂಥ ಪ್ರಶ್ನೆ ಹೊಳೆಯುವುದು ಆ ಜನರ ಮಾತು ಗೊತ್ತಿದ್ದವರಿಗೆ. ಕನ್ನಡ ಮಾಧ್ಯಮ ಅಂತ ಅಳುಕಬೇಡಿ. ನಾನೂ ಅಲ್ಲಿಂದಲೇ ಬಂದವಳು. ಇಂಗ್ಲಿಷ್ ಬೇಕು, ನಿಜ. ಸಂಶೋಧನಾ ಲೇಖನ ಓದಲು, ಬರೆಯಲು ಅದಿಲ್ಲದೆ ಆಗುವುದಿಲ್ಲ. ದಿನಾ ಒಂದೆರಡು ಪುಟ ಓದಿದರೆ ಬರುತ್ತದೆ.

ಅಂಕಿಅಂಶಕ್ಕೂ ಹೆದರಬೇಡಿ. ಮೊದಲು ಎಕ್ಸೆಲ್, ಆಮೇಲೆ ‘ಆರ್’ ಕಲಿಯಿರಿ. ‘ಆರ್’ ಅಂದರೆ ಅಂಕಿಅಂಶ ವಿಶ್ಲೇಷಣೆಯ ಸಾಫ್ಟ್‌ವೇರ್, ಉಚಿತ. ಸರ್ಕಾರದ ಮಾದರಿ ಸಮೀಕ್ಷೆಗಳ ಮೂಲ ದತ್ತಾಂಶ ಅಂಕಿಅಂಶ ಸಚಿವಾಲಯದ ಜಾಲತಾಣದಲ್ಲೇ ಸಿಗುತ್ತದೆ. ಅದನ್ನಿಟ್ಟುಕೊಂಡು ಅಭ್ಯಾಸ ಮಾಡಿ.

ಇನ್ನೊಂದು ಮಾತು. ಜನ ನಂಬಿ ಹೇಳಿದ್ದನ್ನು ಕಾಪಾಡುವುದು ನಮ್ಮ ಹೊಣೆ. ಒಪ್ಪಿಗೆ ಕೇಳಿಯೇ ಕೂರಬೇಕು, ವರದಿಯಲ್ಲಿ ಹೆಸರು ಬದಲಿಸಬೇಕು. ಇದರಲ್ಲಿ ನನಗೆ ರಾಜಿ ಇಲ್ಲ.

ಪ್ರವೇಶ ಸಿಗುವ ತನಕ ಕಾಯಬೇಡಿ. ನಿಮ್ಮ ಓಣಿಯ ಹತ್ತು ಮನೆಗಳಲ್ಲಿ ‘ನಿನ್ನೆ ಏನೇನು ಮಾಡಿದಿರಿ’ ಅಂತ ಕೇಳಿ, ಅವರ ಮಾತಿನಲ್ಲೇ ಅವತ್ತೇ ರಾತ್ರಿ ಬರೆದಿಡಿ. ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ.