ಮ್ಯಾಕ್ಸ್‌ಸ್ಕೇಲ್ ಕಡತದ ಪಾಸ್‌ವರ್ಡ್ ಎನ್‌ಕ್ರಿಪ್ಟ್ ಮಾಡಿದರೂ ಕೀಲಿ ಅದೇ ಸರ್ವರ್‌ನಲ್ಲಿದ್ದರೆ ಏನು ಪ್ರಯೋಜನ?

ಎಲೆಕ್ಟ್ರಾನಿಕ್ ಸಿಟಿಯ ನಿಮ್ಮ ಕಚೇರಿಗೆ ಬಂದ ಆಡಿಟರ್, ಮಾರಿಯಾಡಿಬಿ ಡೇಟಾಬೇಸಿನ ಮುಂದೆ ನಿಂತು ಕೋರಿಕೆಗಳನ್ನು ದಾಟಿಸುವ ಪ್ರಾಕ್ಸಿಯಾದ ಮ್ಯಾಕ್ಸ್‌ಸ್ಕೇಲ್‌ನ ಸಂರಚನಾ ಕಡತದಲ್ಲಿ ಪಾಸ್‌ವರ್ಡ್ ಬಯಲಾಗಿದೆ ಎಂದು ಆಕ್ಷೇಪಿಸಿದ್ದಾರೆ. ಅದನ್ನು ಎನ್‌ಕ್ರಿಪ್ಟ್ ಮಾಡಿದರೂ ಬಿಡಿಸುವ ಕೀಲಿಯೂ ಅಲ್ಲೇ ಇರುವಾಗ ಇದೆಲ್ಲ ನಾಟಕವಲ್ಲವೇ ಎಂಬುದು ನಿಮ್ಮ ಪ್ರಶ್ನೆ. ಅರ್ಧ ನಾಟಕ ನಿಜ. ಆ ಯಂತ್ರದಲ್ಲಿ ರೂಟ್, ಅಂದರೆ ಪೂರ್ಣ ಅಧಿಕಾರ ಸಿಕ್ಕವನನ್ನು ಇದು ತಡೆಯುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಾ ನಾನು ಕಂಡಂತೆ, ಪಾಸ್‌ವರ್ಡ್ ಸೋರುವುದು ಹೆಚ್ಚಾಗಿ ಬೇರೆ ದಾರಿಯಲ್ಲಿ: ಗಿಟ್‌ಗೆ (ಕಡತಗಳ ಎಲ್ಲ ಆವೃತ್ತಿಗಳನ್ನೂ ಉಳಿಸುವ ಸಾಧನ) ಸೇರಿದ ಕಡತ, ಬ್ಯಾಕಪ್, ಸಹಾಯ ಕೇಳಲು ಯಾರಿಗೋ ಕಳುಹಿಸಿದ ಸ್ಕ್ರೀನ್‌ಶಾಟ್. ಅಲ್ಲೆಲ್ಲ ಹೋಗುವುದು ಸಂರಚನಾ ಕಡತ, ಕೀಲಿಯಲ್ಲ. ಲಾಭವಿರುವುದು ಅಲ್ಲಿ.

ಹ್ಯಾಶ್, ಅಂದರೆ ಮೂಲಕ್ಕೆ ಮರಳಿಸಲಾಗದ ಗುರುತು, ಏಕೆ ಸಾಲದು? ಪ್ರಾಕ್ಸಿ ತನ್ನದೇ ಹೆಸರಿನಲ್ಲಿ ಮಾರಿಯಾಡಿಬಿಗೆ ಲಾಗಿನ್ ಆಗಬೇಕು, ಅದಕ್ಕೆ ಮೂಲ ಪಾಸ್‌ವರ್ಡ್ ಬೇಕೇ ಬೇಕು. ಇದೇ ಬಗೆಯ ಮತ್ತೊಂದು ಪ್ರಾಕ್ಸಿಯಾದ ಪ್ರಾಕ್ಸಿಎಸ್‌ಕ್ಯೂಎಲ್‌ನಲ್ಲಿ ಬಳಕೆದಾರರ ಪಾಸ್‌ವರ್ಡ್ ಹ್ಯಾಶ್ ರೂಪದಲ್ಲಿರಬಹುದು; ಸರ್ವರ್‌ಗಳ ಸ್ಥಿತಿ ಗಮನಿಸುವ ಮಾನಿಟರ್ ಖಾತೆಯದ್ದು ಮಾತ್ರ ಅಲ್ಲಿಯೂ ಬಯಲಲ್ಲೇ ಉಳಿಯುತ್ತದೆ.

ಮಾಡುವ ಕೆಲಸ ಚಿಕ್ಕದು. ಮ್ಯಾಕ್ಸ್‌ಕೀಸ್ ಎಂಬ ಆಜ್ಞೆ ಓಡಿಸಿದರೆ ಮ್ಯಾಕ್ಸ್‌ಸ್ಕೇಲ್‌ನ ಡೇಟಾ ಡೈರೆಕ್ಟರಿಯಲ್ಲಿ ಡಾಟ್ ಸೀಕ್ರೆಟ್ಸ್ ಎಂಬ ಕೀಲಿ ಕಡತ ಹುಟ್ಟುತ್ತದೆ. ಅದರ ಒಡೆಯ ಮ್ಯಾಕ್ಸ್‌ಸ್ಕೇಲ್ ಬಳಕೆದಾರನೇ ಆಗಿರಬೇಕು, ಅನುಮತಿ 400 (ಒಡೆಯ ಮಾತ್ರ ಓದಬಹುದು) ಇರಬೇಕು. ಬಳಿಕ ಮ್ಯಾಕ್ಸ್‌ಪಾಸ್‌ಡಬ್ಲ್ಯೂಡಿ ಎಂಬ ಆಜ್ಞೆ ಕೊಡುವ ಹೆಕ್ಸ್ ಸಾಲನ್ನು (ಎನ್‌ಕ್ರಿಪ್ಟ್ ಆದ ಪಾಸ್‌ವರ್ಡ್) ಪಾಸ್‌ವರ್ಡ್ ಇದ್ದ ಜಾಗಕ್ಕೆ ಹಾಕಿ, ಸೇವೆಯನ್ನು ಮರುಆರಂಭಿಸಿ. ಪಾಸ್‌ವರ್ಡನ್ನು ಆಜ್ಞೆಯ ಜೊತೆಯಲ್ಲೇ ಬರೆದಿದ್ದರೆ ಅದು ಶೆಲ್ ಹಿಸ್ಟರಿಯಲ್ಲಿ (ಟೈಪಿಸಿದ ಆಜ್ಞೆಗಳ ದಾಖಲೆ) ಉಳಿದಿರುತ್ತದೆ, ಅಳಿಸಿ.

ಇದಕ್ಕೂ ಮೊದಲು ಮಾಡಬೇಕಾದದ್ದೊಂದಿದೆ, ಬಹಳ ಮಂದಿ ಬಿಟ್ಟುಬಿಡುತ್ತಾರೆ: ಪಾಸ್‌ವರ್ಡನ್ನೇ ಬದಲಿಸಿ. ಗಿಟ್‌ನ ಹಳೆಯ ಕಮಿಟ್‌ಗಳಲ್ಲಿ ಹಳೆಯದು ಹಾಗೆಯೇ ಕುಳಿತಿರುವಾಗ ಅದನ್ನೇ ಎನ್‌ಕ್ರಿಪ್ಟ್ ಮಾಡಿದರೆ ಆಡಿಟರ್ ಸಹಿ ಸಿಗುತ್ತದೆ, ಅಷ್ಟೆ. ಜೊತೆಗೆ ಮ್ಯಾಕ್ಸ್‌ಸ್ಕೇಲ್ ಡೇಟಾಬೇಸಿಗೆ ಲಾಗಿನ್ ಆಗಲು ಬಳಸುವ ಖಾತೆಗಳು ಪ್ರಾಕ್ಸಿಯ ಐಪಿಯಿಂದ ಮಾತ್ರ ಲಾಗಿನ್ ಆಗುವಂತೆ ಕಟ್ಟಿಹಾಕಿ. ಸೇವಾ ಖಾತೆಗೆ ಬಳಕೆದಾರರ ಹಾಗೂ ಅಧಿಕಾರಗಳ ಕೋಷ್ಟಕಗಳನ್ನು ಓದುವ ಹಕ್ಕು ಬೇಕು, ಆ್ಯಪ್‌ನ ದತ್ತಾಂಶದ ಮೇಲಲ್ಲ. ಎಲ್ಲ ಹಕ್ಕನ್ನೂ ಕೊಟ್ಟು ಕೈತೊಳೆದುಕೊಳ್ಳುವ ಅಭ್ಯಾಸ ಕೀಲಿಯ ಪ್ರಶ್ನೆಗಿಂತ ದೊಡ್ಡ ಅಪಾಯ.

ಕೀಲಿ ಕಡತವನ್ನು ಸಂರಚನೆಯ ಬ್ಯಾಕಪ್ ಜೊತೆ ಇಡಬೇಡಿ. ಮ್ಯಾಕ್ಸ್‌ಸ್ಕೇಲ್ ಎರಡು ಯಂತ್ರಗಳಲ್ಲಿದ್ದರೆ ಎರಡಕ್ಕೂ ಅದೇ ಕೀಲಿಯನ್ನು ಸುರಕ್ಷಿತವಾಗಿ ನಕಲಿಸಿ, ಇಲ್ಲವೇ ಪ್ರತಿ ಯಂತ್ರದಲ್ಲೂ ಬೇರೆಯಾಗಿ ಎನ್‌ಕ್ರಿಪ್ಟ್ ಮಾಡಿ. ಸಂರಚನೆಯೊಂದನ್ನೇ ನಕಲಿಸಿದರೆ ಎರಡನೆಯ ಯಂತ್ರ ಡೇಟಾಬೇಸಿಗೆ ಲಾಗಿನ್ ಆಗುವುದಿಲ್ಲ.