ಟ್ಯಾನಿಂಗ್ ಬೆಡ್‌ನಿಂದ ತೊನ್ನು ಹೋಗುತ್ತದೆಯೇ?

ಪ್ರಶ್ನೆ: ಮಗಳಿಗೆ 19 ವರ್ಷ. ಮುಖ, ಕೈ ಮ್ಯಾಲ ತೊನ್ನಿನ ಕಲೆ ಅದಾವ. ವಾರಕ್ಕ ಎರಡು ಸಲ ಬಸ್ಸಿನ್ಯಾಗ ಕಲಬುರಗಿಗೆ ಕರಕೊಂಡು ಹೋಗಿ ಲೈಟ್ ಕೊಡಸ್ತೀವ್ರಿ. ಜರ್ಮನಿಯಾಗಿರೋ ಅಳಿಯ, ‘ಇಲ್ಲಿ ಹಳೇ ಟ್ಯಾನಿಂಗ್ ಬೆಡ್ ಅಗ್ಗಕ್ಕ ಸಿಗತಾವ, ಕಳಸ್ತೀನಿ’ ಅಂತಾರ. ತರಿಸಬಹುದೇನ್ರಿ? ಜಾತ್ರಿ ಗದ್ದಲದಾಗ ಹತ್ತು ದಿನ ತಪ್ಪೇತಿ, ಅದಕ್ಕೇನ್ ಮಾಡೋದು?
– ಒಬ್ಬ ತಾಯಿ, ಶಹಾಪುರ

ಉತ್ತರ: ತರಿಸಬೇಡಿ. ಟ್ಯಾನಿಂಗ್ ಬೆಡ್ ಎಂದರೆ ಬಿಳಿ ಚರ್ಮದವರು ಒಳಗೆ ಮಲಗಿ ಮೈಬಣ್ಣ ಕಂದಾಗಿಸಿಕೊಳ್ಳುವ ಲೈಟಿನ ಪೆಟ್ಟಿಗೆ. ಅದಾಗಲಿ ಆಸ್ಪತ್ರೆಯದಾಗಲಿ, ನೋಡಲು ಎರಡೂ ನೀಲಿ ಟ್ಯೂಬುಗಳ ಪೆಟ್ಟಿಗೆಯೇ, ಕೆಲಸ ಮಾತ್ರ ಬೇರೆ. ಆಸ್ಪತ್ರೆಯ ಟ್ಯೂಬಿನಿಂದ ಬರುವುದು 311–313 ನ್ಯಾನೋಮೀಟರಿನ ಯುವಿಬಿ ಎಂಬ ನೇರಳಾತೀತ ಕಿರಣ. ಬಣ್ಣದ ಕೋಶಗಳನ್ನು ಎಬ್ಬಿಸುವುದು ಅದು. ಟ್ಯಾನಿಂಗ್ ಬೆಡ್ ಬಿಡುವುದು ಬಹುಪಾಲು ಯುವಿಎ ಎಂಬ ಇನ್ನೊಂದು ಬಗೆಯ ನೇರಳಾತೀತ ಕಿರಣ. ಅದರಿಂದ ಕಲೆಯ ಸುತ್ತಲಿನ ಚೊಲೋ ಚರ್ಮ ಇನ್ನಷ್ಟು ಕಪ್ಪಾಗಿ, ಬಿಳಿ ಕಲೆ ಮೊದಲಿಗಿಂತ ಎದ್ದು ಕಾಣುತ್ತದೆ.

ಅಳತೆಯದೂ ತೊಂದರೆ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 200 ಮಿಲಿಜೌಲಿನಿಂದ ಶುರುಮಾಡಿ, ಪ್ರತಿ ಸಲ ಶೇ. 10ರಿಂದ 20 ಏರಿಸುತ್ತಾರೆ. ಕಲೆ ತಿಳಿ ಗುಲಾಬಿಯಾಗಿ, 24 ಗಂಟೆಯೊಳಗೆ ಆ ಬಣ್ಣ ಇಳಿದರೆ ಡೋಸು ಸರಿಯಾಗಿದೆ ಎಂದರ್ಥ. ಮರುದಿನವೂ ಕೆಂಪು ಉಳಿದರೆ ಮುಂದಿನ ಸಲ ಹೋದಾಗ ಮೊದಲು ಅದನ್ನೇ ಹೇಳಿ. ಬೊಬ್ಬೆ ಎದ್ದರೆ ಮಾಯುವವರೆಗೆ ಲೈಟು ಬೇಡ. ಹಳೇ ಬೆಡ್ಡಿನಲ್ಲಿ ಇರುವುದು ನಿಮಿಷ ಎಣಿಸುವ ಟೈಮರ್ ಮಾತ್ರ. ಟ್ಯೂಬು ಹಳತಾದಂತೆ ಕಿರಣ ಕುಗ್ಗುತ್ತದೆ. ಹೊಸ ಟ್ಯೂಬು ಹಾಕಿದ ದಿನ ಅದೇ ನಿಮಿಷಕ್ಕೆ ಮೈ ಸುಡುತ್ತದೆ.

ಇನ್ನು ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಟ್ಯಾನಿಂಗ್ ಬೆಡ್ಡನ್ನು ತಂಬಾಕಿನ ಜೊತೆಗೆ ಮೊದಲ ಗುಂಪಿಗೇ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ, ಸೇರಿಸಿತು. ಅದೇ ವರ್ಷ ನಿಮ್ಮ ಅಳಿಯ ಇರುವ ಜರ್ಮನಿ 18 ತುಂಬದವರಿಗೆ ಅದನ್ನು ನಿಷೇಧಿಸಿತು, ಬ್ರೆಜಿಲ್ ಎಲ್ಲರಿಗೂ ನಿಷೇಧಿಸಿತು.

ತಪ್ಪಿದ ದಿನಗಳ ಲೆಕ್ಕ ಸಾಮಾನ್ಯವಾಗಿ ಹೀಗೆ: ಹಿಂದಿನ ಲೈಟಿನಿಂದ 4–7 ದಿನವಾಗಿದ್ದರೆ ಅದೇ ಡೋಸು, 8–14 ದಿನವಾದರೆ ಶೇ. 25 ಕಡಿಮೆ, 15–21 ದಿನವಾದರೆ ಅರ್ಧ, ಮೂರು ವಾರ ದಾಟಿದರೆ ಮೊದಲಿನಿಂದ. ನಿಮ್ಮದು ಎರಡನೆಯದು. ಆಪರೇಟರ್ ಕೇಳದಿದ್ದರೂ ನೀವಾಗಿಯೇ ಹೇಳಿ, ಹಳೇ ಡೋಸನ್ನೇ ಕೊಟ್ಟರೆ ಸುಡುವ ಭಯವಿದೆ. ಲೈಟಿಗೆ ಮುಂಚೆ ಎಣ್ಣೆ, ಕ್ರೀಮು ಬೇಡ. ಕಣ್ಣು ಮುಚ್ಚಿದರೆ ಸಾಲದು, ಈ ಕಿರಣ ತಡೆಯುವ ಕನ್ನಡಕ ಹಾಕಲೇಬೇಕು. ಮುಗಿಸಿ ಬಸ್‌ಸ್ಟ್ಯಾಂಡಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ, ತಲೆ ಮೇಲೆ ಸೆರಗೋ ಓಢಣಿಯೋ ಇರಲಿ. ಮುಖದ ಕಲೆ ಬೇಗ ತುಂಬುತ್ತದೆ, ಬೆರಳ ತುದಿಯದು ಬಹಳ ಸತಾಯಿಸುತ್ತದೆ. 72 ಸಲ ಕೊಡಿಸುವ ಮುಂಚೆ ‘ಉಪಯೋಗವಿಲ್ಲ’ ಎಂದು ಕೈಬಿಡಬೇಡಿ.

ಪ್ರಶ್ನೆ: ಬಾವಂಚಿ ಕಾಳಿನ ಎಣ್ಣೆ ಹಚ್ಚಿ ಬಿಸಿಲಿಗೆ ಕುಂತರೆ ತೊನ್ನು ವಾಸಿಯಾಗುತ್ತದೆ ಎಂದರು. ಎರಡು ದಿನ ಏನೂ ಆಗಲಿಲ್ಲ, ಮೂರನೇ ದಿನ ಕಾಲೆಲ್ಲ ಬೊಬ್ಬೆ.
– ಓದುಗರು, ಹುಮನಾಬಾದ

ಉತ್ತರ: ಬಾವಂಚಿಯಲ್ಲಿ ಸೋರಾಲಿನ್ ಇದೆ. ಅದು ಚರ್ಮಕ್ಕೆ ಇಳಿದು ಬಿಸಿಲಿನ ಯುವಿಎ ತಾಗಿದರೆ ಸುಡುತ್ತದೆ. ಈ ಸುಟ್ಟಗಾಯ ಜೋರಾಗುವುದು 48–72 ಗಂಟೆಯ ನಂತರ. ಅದಕ್ಕೇ ಜನ ‘ಏನೂ ಆಗಲಿಲ್ಲ’ ಎಂದು ಮರುದಿನ ಮತ್ತೆ ಹಚ್ಚಿ ಮೋಸಹೋಗುತ್ತಾರೆ. ವೈದ್ಯರೂ ಸೋರಾಲಿನ್ ಬಳಸುತ್ತಾರೆ, ಆದರೆ ಔಷಧ, ಬೆಳಕು ಎರಡನ್ನೂ ಅಳೆದು. ಎಣ್ಣೆ ನಿಲ್ಲಿಸಿ, ಬೊಬ್ಬೆ ಒಡೆಯಬೇಡಿ, ತಣ್ಣೀರ ಬಟ್ಟೆ ಇಡಿ, ಕಾಲಿಗೆ ಬಿಸಿಲು ತಾಗಿಸಬೇಡಿ, ಇವತ್ತೇ ಚರ್ಮವೈದ್ಯರಿಗೆ ತೋರಿಸಿ. ಪುಡಿಯನ್ನು ಹೊಟ್ಟೆಗಂತೂ ಬೇಡ. ಯಕೃತ್ತು ಕೆಟ್ಟ ಪ್ರಕರಣಗಳು ವರದಿಯಾಗಿವೆ.

ಪ್ರಶ್ನೆ: ಓದಲು ಇಂಗ್ಲೆಂಡಿಗೆ ಹೊರಟಿದ್ದೇನೆ. ಚಳಿಗಾಲದಲ್ಲಿ ವಿಟಮಿನ್ ಡಿಗಾಗಿ ಟ್ಯಾನಿಂಗ್ ಬೆಡ್ ಬಳಸಬಹುದೇ?
– ವಿದ್ಯಾರ್ಥಿ, ಬೀದರ್

ಉತ್ತರ: ವಿಟಮಿನ್ ಡಿ ಹುಟ್ಟಿಸುವುದು ಯುವಿಬಿ. ಬೆಡ್ಡಿನಲ್ಲಿ ಅದು ಅತ್ಯಲ್ಪ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಐಯು ಮಾತ್ರೆ ತೆಗೆದುಕೊಳ್ಳಿ ಎಂಬುದು ಬ್ರಿಟನ್ನಿನ ಸರ್ಕಾರಿ ಸಲಹೆಯೇ. ಅಲ್ಲದೆ ಯುರೋಪು ಬೆಡ್ಡುಗಳಿಗೆ ಹಾಕಿರುವ ಮಿತಿ ಯುವಿ ಸೂಚ್ಯಂಕ (ಬಿಸಿಲಿನ ನೇರಳಾತೀತ ಕಿರಣದ ತೀವ್ರತೆಯ ಅಳತೆ) 12ಕ್ಕೆ ಸಮ. ಬೀದರಿನ ಬೇಸಿಗೆಯ ನಡುಮಧ್ಯಾಹ್ನದ ಬಿಸಿಲಿಗೆ ಪೌಂಡು ಎಣಿಸಿ ಕೊಡುವುದೇಕೆ? ಅಷ್ಟಾಗಿಯೂ ಗೆಳೆಯರ ಜೊತೆ ಹೋಗಿಯೇ ತೀರುವಿರಾದರೆ ಕನ್ನಡಕ ಬಿಡಬೇಡಿ, 48 ಗಂಟೆಯೊಳಗೆ ಎರಡನೇ ಸಲ ಮಲಗಬೇಡಿ. ಮೊಡವೆಗೆ ಡಾಕ್ಸಿಸೈಕ್ಲಿನ್ ನುಂಗುತ್ತಿದ್ದರೆ ಚರ್ಮ ಈ ಬೆಳಕಿಗೆ ಬೇಗ ಸುಡುತ್ತದೆ, ಆ ಅಂಗಡಿಯ ಮೆಟ್ಟಿಲೇ ಹತ್ತಬೇಡಿ.