ಮ್ಯೂನಿಕ್‌ನಿಂದ ಲಂಡನ್ನಿಗೆ ಎಷ್ಟು ದೂರ ಅಂದರೆ

ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ, ಅಕ್ಕ ಲಂಡನ್ನಿನಲ್ಲಿದ್ದಾಳೆ, ವಿಮಾನದಲ್ಲಿ ಎಷ್ಟು ಹೊತ್ತು, ಶನಿವಾರ ಹೋಗಿ ಭಾನುವಾರ ಬಂದುಬಿಡಬಹುದಾ ಅಂತ ಕೇಳಿದ್ದೀಯ. ನಾನು ಹಾಸನ ಬಿಟ್ಟು ಇಲ್ಲಿಗೆ ಬಂದಾಗಲೂ ನನ್ನಕ್ಕ ಲಂಡನ್ನಿನಲ್ಲೇ ಇದ್ದಳು. ಅದಕ್ಕೇ ತಮ್ಮಾ, ನಿನಗೆ ಏಕವಚನದಲ್ಲೇ ಬರೀತೀನಿ.

ದೂರ 900 ಕಿ.ಮೀ. ದಾಟುತ್ತೆ, ವಿಮಾನ ಹತ್ತಿರ ಹತ್ತಿರ ಎರಡು ಗಂಟೆ. ಲಂಡನ್ ಗಡಿಯಾರ ಒಂದು ಗಂಟೆ ಹಿಂದಿರೋದರಿಂದ ಟಿಕೆಟ್ಟಿನಲ್ಲಿ ಹೋಗುವಾಗ ಒಂದೇ ಗಂಟೆ, ಬರುವಾಗ ಮೂರು ಗಂಟೆ ಅನ್ನೋ ಹಾಗೆ ಕಾಣುತ್ತೆ. ಇಲ್ಲಿನ ಏರ್‌ಪೋರ್ಟ್ ಊರಾಚೆ, ಎಸ್-ಬಾನ್ ರೈಲಿನಲ್ಲಿ ಮುಕ್ಕಾಲು ಗಂಟೆ. ಪಾಸ್‌ಪೋರ್ಟ್ ಸಾಲೂ ಸೇರಿದರೆ ಮನೆಯಿಂದ ಮನೆಗೆ ಆರೇಳು ಗಂಟೆ ಇಟ್ಟುಕೋ.

ನೀನು ಕೇಳದೇ ಇರೋದು ವೀಸಾ. ಜರ್ಮನಿಯ ಬ್ಲೂ ಕಾರ್ಡ್, ಅಂದರೆ ಓದಿದವರಿಗೆ ಇಲ್ಲಿದ್ದು ಕೆಲಸ ಮಾಡೋಕೆ ಕೊಡೋ ಪರವಾನಗಿ, ಇದ್ದರೆ ಪ್ಯಾರಿಸ್, ರೋಮ್, ವಿಯೆನ್ನಾ ಎಲ್ಲ ಸುತ್ತಬಹುದು, 180 ದಿನಗಳಲ್ಲಿ 90 ದಿನದವರೆಗೆ. ಹೀಗೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಷೆಂಗೆನ್ ಅಂತಾರೆ, ಬ್ರಿಟನ್ ಅದರೊಳಗಿಲ್ಲ. ನಮ್ಮ ಪಾಸ್‌ಪೋರ್ಟಿಗೆ ಅಲ್ಲಿನ ವಿಸಿಟರ್ ವೀಸಾ ಬೇಕೇ ಬೇಕು. ಬೆರಳಚ್ಚು ಕೊಟ್ಟ ಮೇಲೆ ಉತ್ತರ ಬರೋಕೆ ಸಾಮಾನ್ಯವಾಗಿ ಮೂರು ವಾರ. ಪ್ಯಾರಿಸ್ ಮೇಲೆ ರೈಲಿನಲ್ಲಿ ಹೋದರೂ ತಪ್ಪಿದ್ದಲ್ಲ, ಬ್ರಿಟನ್ನಿನ ಅಧಿಕಾರಿಗಳು ಪ್ಯಾರಿಸ್ ಸ್ಟೇಷನ್ನಿನಲ್ಲೇ ಕೂತು ಪಾಸ್‌ಪೋರ್ಟ್ ನೋಡ್ತಾರೆ.

ನನ್ನಕ್ಕನ ಬಾಣಂತನಕ್ಕೆ ಅಂತ ಅಪ್ಪ ಅಮ್ಮ ಮುಂಚೆಯೇ ವೀಸಾ ಮಾಡಿಸಿ ಬಂದಿದ್ದರು. ಬೆಂಗಳೂರಿಂದ ಲಂಡನ್ನಿಗೆ ಸುಮಾರು 8,000 ಕಿ.ಮೀ. ಅಮ್ಮನಿಗೆ ಅದೇ ಮೊದಲ ವಿಮಾನ ಪ್ರಯಾಣ, ಮೆಂತ್ಯದ ಹಿಟ್ಟು, ಅಂಟಿನುಂಡೆ ಕಟ್ಟಿಕೊಂಡು ಬಂದರು. ಮಗು ಹೇಳಿದ ದಿನಕ್ಕಿಂತ ಮೊದಲೇ ಹುಟ್ಟಿತು. ನನ್ನ ಅರ್ಜಿಗೆ ಇನ್ನೂ ಉತ್ತರ ಬಂದಿರಲಿಲ್ಲ. ನಾಮಕರಣದಲ್ಲಿ ಸೋದರಮಾವನ ಜಾಗ ಎಂಥದ್ದು ಅಂತ ನಿನಗೆ ಹೇಳಬೇಕಾಗಿಲ್ಲ. ಆ ಜಾಗದಲ್ಲಿ ಭಾವನ ಆಫೀಸಿನ ಗೆಳೆಯರೊಬ್ಬರು ಕೂತರು. ಒಳ್ಳೆಯವರು, ಪಂಚೆ ಉಟ್ಟುಕೊಂಡೇ ಬಂದಿದ್ದರಂತೆ. ನಾನು ಇಲ್ಲಿ ಫೋನಿನಲ್ಲಿ ನೋಡ್ತಾ ಕೂತಿದ್ದೆ. ಹಾಸನದ ಅಪ್ಪ ಅಮ್ಮ ತೊಟ್ಟಿಲ ಪಕ್ಕದಲ್ಲಿ, ಎರಡು ಗಂಟೆ ದೂರದ ನಾನು ಹೊರಗೆ. ಈಗ ಆ ಹುಡುಗಿ ಶಾಲೆಗೆ ಹೋಗ್ತಾಳೆ, ಮಾಮ ಅಂತ ಓಡಿ ಬರ್ತಾಳೆ, ಆದರೂ ಆ ಆಲ್ಬಮ್ಮು ನಾನು ಪೂರ್ತಿ ನೋಡಿಲ್ಲ.

ಜರ್ಮನ್ ಪೌರತ್ವ ತಗೊಂಡರೆ ಈ ತಾಪತ್ರಯ ಇರಲ್ಲ ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ನಾನು ತಗೊಂಡಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿಬಿಡೋಕೆ ಮನಸ್ಸು ಬರಲಿಲ್ಲ. ಆ ನಿರ್ಧಾರ ನಿನ್ನದು ನಿನಗೆ.

ಬ್ರಿಟನ್ನಿನ ವಿಸಿಟರ್ ವೀಸಾದಲ್ಲಿ ಆರು ತಿಂಗಳದ್ದು ಅಲ್ಲದೆ ಎರಡು, ಐದು, ಹತ್ತು ವರ್ಷದವೂ ಇವೆ. ಒಂದೊಂದು ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಇರೋ ಹಾಗಿಲ್ಲ. ದುಬಾರಿ ನಿಜ. ಆದರೂ ಬ್ಲೂ ಕಾರ್ಡ್ ಕೈಗೆ ಬಂದ ಕೂಡಲೇ ಎರಡು ವರ್ಷದ್ದಕ್ಕೆ ಅರ್ಜಿ ಹಾಕು, ಹೋಗೋ ಕಾರಣ ಸದ್ಯಕ್ಕೆ ಇಲ್ಲದಿದ್ದರೂ. ಅಕ್ಕ ಅಲ್ಲಿದ್ದಾಳೆ, ಆಗಾಗ ಹೋಗಬೇಕಾಗುತ್ತೆ ಅಂತ ಅರ್ಜಿಯಲ್ಲಿ ಸ್ಪಷ್ಟವಾಗಿ ಬರಿ, ಅವಳಿಂದ ಒಂದು ಪತ್ರವನ್ನೂ ತರಿಸಿ ಲಗತ್ತಿಸು. ವಾಪಸ್ ಬರುವಾಗ ಅವಳು ಕಾಯಿಸಿದ ತುಪ್ಪ ಕೊಟ್ಟರೆ ಬೇಡ ಅನ್ನು, ಬ್ರಿಟನ್ನಿನಿಂದ ಇಲ್ಲಿಗೆ ಹಾಲಿನ ಪದಾರ್ಥ ತರೋ ಹಾಗಿಲ್ಲ. ಚಟ್ನಿಪುಡಿ ಎಷ್ಟು ಬೇಕಾದರೂ ತುಂಬಿಸಿಕೊಂಡು ಬಾ.